ಮೂತ್ರ ಕಡಿಮೆಯಾದರೆ ‘ಉಷ್ಣ’ ಎಂದು ಸುಮ್ಮನಿರಬೇಡಿ: ಕಾರಣ, ಚಿಕಿತ್ಸೆ, ಮನೆಯವರು ಮಾಡಬೇಕಾದ್ದು

ಹೊಸೂರು, ಬಾಗಲೂರು, ಬೇರಿಗೈ, ಶೂಲಗಿರಿ, ಕೆಲಮಂಗಲ, ತಳಿ, ಡೆಂಕಣಿಕೋಟೆ, ಅಂಚೆಟ್ಟಿ, ಕೃಷ್ಣಗಿರಿ ಭಾಗದ ಸದಸ್ಯರಿಗಾಗಿ ಈ ಬಾರಿಯ ಆರೋಗ್ಯ ಮಾಹಿತಿಯಲ್ಲಿ ಮೂತ್ರದ ಪ್ರಮಾಣ ತೀರಾ ಕಡಿಮೆಯಾಗುವ ಸಮಸ್ಯೆಯ ಬಗ್ಗೆ ಬರೆಯುತ್ತಿದ್ದೇವೆ. ವೈದ್ಯರು ಇದನ್ನು ‘ಆಲಿಗೂರಿಯಾ’ ಎನ್ನುತ್ತಾರೆ. ಕನ್ನಡದಲ್ಲಿ ಅಲ್ಪಮೂತ್ರ ಎನ್ನಬಹುದು. ನಾವು ವೈದ್ಯರಲ್ಲ. ಇಲ್ಲಿರುವುದು ತಿಳಿವಳಿಕೆಗೆ ಮಾತ್ರ, ಚಿಕಿತ್ಸೆಯನ್ನು ವೈದ್ಯರೇ ನಿರ್ಧರಿಸಬೇಕು.

ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಆದದ್ದನ್ನು ಅವರ ಮನೆಯವರ ಒಪ್ಪಿಗೆ ಪಡೆದು, ಹೆಸರು ಹಾಕದೆ ಇಲ್ಲಿ ಕೊಡುತ್ತಿದ್ದೇವೆ.

ಒಂದು ಮನೆಯಲ್ಲಿ ನಡೆದದ್ದು

ಅವರಿಗೆ 68 ವರ್ಷ. ಬಿ.ಪಿ.ಗೆ ಹಲವು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮಂಡಿನೋವೂ ಇತ್ತು. ಒಂದು ಬೀಗರ ಊಟ ಮುಗಿಸಿ ಬಂದ ಮೇಲೆ ಎರಡು ದಿನ ಭೇದಿಯಾಯಿತು. ಬಿ.ಪಿ. ಮಾತ್ರೆ ತಪ್ಪಿಸಬಾರದೆಂದು ಅದನ್ನು ನುಂಗಿದರು. ಓಡಾಡಿ ಮಂಡಿ ನೋವು ಹೆಚ್ಚಾಯಿತೆಂದು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿ ದಿನಕ್ಕೆರಡು ಬಾರಿ ತೆಗೆದುಕೊಂಡರು. ಎರಡನೆಯ ದಿನವೇ ಅವರ ಪತ್ನಿ ಮಗನಿಗೆ, “ಅಪ್ಪ ಬೆಳಿಗ್ಗೆಯಿಂದ ಒಂದಕ್ಕೇ ಹೋಗಿಲ್ಲ ಕಣೋ” ಎಂದು ಹೇಳಿದ್ದರು. “ಉಷ್ಣ ಆಗಿರುತ್ತಮ್ಮ, ಎಳನೀರು ಕೊಡು” ಎಂದು ಮಗ ಕೆಲಸಕ್ಕೆ ಹೋದರು. ಎಳನೀರು, ಬಾರ್ಲಿ ನೀರು, ಹೊಕ್ಕುಳಿಗೆ ಹರಳೆಣ್ಣೆ ಎಲ್ಲವೂ ಆಯಿತು. ನಾಲ್ಕನೆಯ ದಿನ ಮುಖ ಮತ್ತು ಕಾಲು ಊದಿಕೊಂಡವು, ಉಸಿರಾಡಲು ಕಷ್ಟವಾಯಿತು. ಬಾಡಿಗೆ ಕಾರು ಮಾಡಿಕೊಂಡು ನೇರವಾಗಿ ಬೆಂಗಳೂರಿಗೆ ಹೊರಟರು. ಅತ್ತಿಬೆಲೆ ದಾಟುವುದರೊಳಗೆ ಅವರಿಗೆ ಅರೆಪ್ರಜ್ಞೆ.

ಅಲ್ಲಿ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟದಲ್ಲಿತ್ತು. ನಾಲ್ಕು ಸಲ ಡಯಾಲಿಸಿಸ್ ಆಯಿತು. ದೇವರ ದಯೆ, ಮೂತ್ರ ಮತ್ತೆ ಬರಲಾರಂಭಿಸಿತು. ಇಂದು ಅವರು ನಮ್ಮೊಡನೆ ಇದ್ದಾರೆ. ಆದರೆ ಮೂತ್ರಪಿಂಡಗಳು ಮೊದಲಿನಷ್ಟು ಕೆಲಸ ಮಾಡುತ್ತಿಲ್ಲ. ಅಲ್ಲಿನ ವೈದ್ಯರು ಹೇಳಿದ ಮಾತು ಇಷ್ಟು: ಎರಡನೆಯ ದಿನವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ದಿದ್ದರೆ ಡ್ರಿಪ್ ಹಾಕಿಸಿ, ಮಾತ್ರೆಗಳನ್ನು ನಿಲ್ಲಿಸಿದ್ದರೆ ಬಹುಶಃ ಸಾಕಾಗುತ್ತಿತ್ತು. ಆ ತಾಯಿ ಹೇಳಿದ ಮಾತನ್ನು ಮನೆಯವರು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಲೇಖನ ಆ ಮಾತಿನ ಸಲುವಾಗಿ.

ಎಷ್ಟಾದರೆ ಕಡಿಮೆ?

ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ ಸುಮಾರು 800ರಿಂದ 2000 ಮಿ.ಲೀ. ಮೂತ್ರ ಹೋಗುತ್ತದೆ. ಕುಡಿದ ನೀರು, ಬೆವರು, ಹವೆಗೆ ತಕ್ಕಂತೆ ಇದು ಹೆಚ್ಚುಕಡಿಮೆಯಾಗುತ್ತದೆ.

- ವಯಸ್ಕರಿಗೆ ಇಡೀ ದಿನದಲ್ಲಿ 400 ಮಿ.ಲೀ.ಗಿಂತ ಕಡಿಮೆಯಾದರೆ ಅಲ್ಪಮೂತ್ರ.
- ದಿನಕ್ಕೆ 100 ಮಿ.ಲೀ. ಕೂಡ ಇಲ್ಲದಿದ್ದರೆ ಮೂತ್ರ ನಿಂತಂತೆಯೇ ಲೆಕ್ಕ. ಇದಕ್ಕೆ ‘ಅನೂರಿಯಾ’ ಎನ್ನುತ್ತಾರೆ.
- ಆಸ್ಪತ್ರೆಯಲ್ಲಿ ಗಂಟೆಯ ಲೆಕ್ಕ ನೋಡುತ್ತಾರೆ. ದೇಹದ ತೂಕದ ಪ್ರತಿ ಕಿಲೋಗೆ ಗಂಟೆಗೆ 0.5 ಮಿ.ಲೀ.ಗಿಂತ ಕಡಿಮೆ, ಅದೂ 6 ಗಂಟೆ ಕಾಲ ಹಾಗೆಯೇ ಇದ್ದರೆ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರುವ ಸೂಚನೆ. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿ.ಲೀ., 6 ಗಂಟೆಗೆ 180 ಮಿ.ಲೀ. ಅಂದರೆ ಒಂದು ಸಣ್ಣ ಲೋಟದಷ್ಟು.
- ಎಳೆ ಮಕ್ಕಳಿಗೆ ಕಿಲೋಗೆ ಗಂಟೆಗೆ 1 ಮಿ.ಲೀ.ಗಿಂತ ಕಡಿಮೆಯಾದರೆ ಕಡಿಮೆಯೆಂದು ಲೆಕ್ಕ. ಮನೆಯಲ್ಲಿ ಅಳೆಯುವುದು ಕಷ್ಟ. ಆದ್ದರಿಂದ ಬಟ್ಟೆ ಎಷ್ಟು ಸಲ ಒದ್ದೆಯಾಯಿತು ಎಂದು ಎಣಿಸಿ. 6ರಿಂದ 8 ಗಂಟೆ ಕಾಲ ಒಮ್ಮೆಯೂ ಒದ್ದೆಯಾಗದಿದ್ದರೆ ವೈದ್ಯರಿಗೆ ತೋರಿಸಬೇಕು.

ದೇಹದ ನೀರಿನ ಲೆಕ್ಕವೂ ಜಮಾ-ಖರ್ಚಿನ ಲೆಕ್ಕದಂತೆ. ಬರೆದಿಡದಿದ್ದರೆ ಎಲ್ಲಿ ತಪ್ಪಿದೆ ಎಂದು ತಿಳಿಯುವುದಿಲ್ಲ. ಒಂದು ಲೀಟರಿನ ಹಳೆಯ ಬಾಟಲಿಗೆ 100 ಮಿ.ಲೀ.ಗೊಂದು ಗೆರೆ ಹಾಕಿಡಿ. ಬೆಳಿಗ್ಗೆ 6ಕ್ಕೆ ಹೋದದ್ದನ್ನು ಬಿಟ್ಟು, ಆ ನಂತರ ಹೋದದ್ದನ್ನೆಲ್ಲ ಮರುದಿನ ಬೆಳಿಗ್ಗೆ 6ರವರೆಗೆ, ಆ ಹೊತ್ತಿನದೂ ಸೇರಿಸಿ, ಅಳೆದು ಬರೆಯಿರಿ. ಪಕ್ಕದಲ್ಲಿ ಕುಡಿದ ನೀರು, ಗಂಜಿ, ಕಾಫಿಯನ್ನೂ ಬರೆಯಿರಿ. ಆದರೆ ಕಾಯಿಲೆ ಬಿದ್ದವರಿಗೆ ಅರ್ಧ ದಿನ ಮೂತ್ರವೇ ಬರದಿದ್ದರೆ 24 ಗಂಟೆ ಮುಗಿಯಲೆಂದು ಕಾಯಬಾರದು.

ಕಾರಣಗಳು: ಮೂರು ಗುಂಪು

ಕೆರೆ, ತೂಬು, ಕಾಲುವೆ ಇವನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆರೆಯಲ್ಲಿ ನೀರಿಲ್ಲದಿರಬಹುದು, ತೂಬು ಕೆಟ್ಟಿರಬಹುದು, ಕಾಲುವೆ ಕಟ್ಟಿಕೊಂಡಿರಬಹುದು.

1. ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ಹೋಗದಿರುವುದು

ವಾಂತಿ, ಭೇದಿ, ವಿಪರೀತ ಬೆವರು, ರಕ್ತಸ್ರಾವ, ಸುಟ್ಟಗಾಯ, ನಂಜೇರಿದ ಜ್ವರ, ಡೆಂಗಿ ಇವುಗಳಲ್ಲಿ ರಕ್ತದ ಹರಿವು ಇಳಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಮೈಯಲ್ಲಿ ನೀರು ತುಂಬಿದ್ದರೂ ಮೂತ್ರಪಿಂಡಕ್ಕೆ ರಕ್ತ ತಲುಪುವುದಿಲ್ಲ. ಮೂತ್ರ ಕಡಿಮೆಯಾಗಲು ಸಾಮಾನ್ಯವಾಗಿ ಕಾಣುವ ಕಾರಣಗಳು ಈ ಗುಂಪಿನವೇ. ಬೇಗ ಸರಿಪಡಿಸಿದರೆ ಮೂತ್ರಪಿಂಡಕ್ಕೆ ಹಾನಿಯಿಲ್ಲ. ತಡಮಾಡಿದರೆ ಎರಡನೆಯ ಗುಂಪಿಗೆ ಜಾರುತ್ತದೆ.

ಹೊಸೂರಿನ ಹವೆ ಬೆಂಗಳೂರಿನಂತೆ ತಂಪು. ಕೃಷ್ಣಗಿರಿ ಕಡೆಗೆ ಇಳಿದರೆ ಬಿಸಿಲೇ ಬೇರೆ. ಆದರೆ ತಂಪು ಊರಿನಲ್ಲೂ ಗುಲಾಬಿ ಬೆಳೆಯುವ ಪಾಲಿಹೌಸಿನೊಳಗೆ, ಕಾರ್ಖಾನೆಯ ಕುಲುಮೆಯ ಮುಂದೆ, ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವವರು ಬೆವರು ಸುರಿಸುತ್ತಾರೆ. ಬಿಸಿಲಲ್ಲಿ ದುಡಿಯುವವರು ಬಾಯಾರಿಕೆಗೆ ಕಾಯದೆ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಕೆಲಸದ ಜಾಗದಲ್ಲಿ ಶೌಚಾಲಯ ಸರಿಯಿಲ್ಲವೆಂದು ಬೆಳಿಗ್ಗೆಯಿಂದ ನೀರನ್ನೇ ಮುಟ್ಟದ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಮೂತ್ರದ ಸೋಂಕು, ಕಲ್ಲು ಎರಡಕ್ಕೂ ಇದು ದಾರಿ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಮನೆಯವರೇ ಕೇಳಬೇಕು.

2. ಮೂತ್ರಪಿಂಡಕ್ಕೇ ಪೆಟ್ಟು

- ಮಾತ್ರೆಗಳು: ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್, ರಾಮಿಪ್ರಿಲ್ ಎಂಬ ಬಿ.ಪಿ. ಮಾತ್ರೆಗಳು ಸಾಮಾನ್ಯ ದಿನಗಳಲ್ಲಿ ಒಳ್ಳೆಯವೇ. ಮೂತ್ರ ಹೆಚ್ಚಿಸುವ ಮಾತ್ರೆಯೂ ಹಾಗೆಯೇ. ಆದರೆ ಭೇದಿಯಾಗಿ ಮೈ ಒಣಗಿರುವಾಗ ಈ ಮೂರೂ ಒಟ್ಟಿಗೆ ಸೇರಿದರೆ ಮೂತ್ರಪಿಂಡ ಕೈಕೊಡಬಹುದು. ಮೇಲೆ ಹೇಳಿದ ಸದಸ್ಯರಿಗೆ ಆದದ್ದು ಇದೇ. ಕೆಲವು ಆಂಟಿಬಯಾಟಿಕ್ ಇಂಜೆಕ್ಷನ್‌ಗಳು, ಯಾರು ಮಾಡಿದರೆಂದು ತಿಳಿಯದ ಭಸ್ಮ, ಲೇಹ್ಯಗಳೂ ಅಪಾಯವೇ.
- ಹಾವು ಕಡಿತ: ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸಿ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಕಚ್ಚಿಸಿಕೊಂಡವರ ಮೂತ್ರ ಕಡಿಮೆಯಾಗುವುದು ಅಥವಾ ಕೆಂಪಾಗುವುದು ಗಂಭೀರ ಲಕ್ಷಣ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಇವುಗಳಲ್ಲಿ ಹೊತ್ತು ಕಳೆಯದೆ, ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು ವಿಷನಿರೋಧಕ ಇಂಜೆಕ್ಷನ್ ಇರುವ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.
- ಇಲಿಜ್ವರ: ಇಲಿ, ದನಗಳ ಮೂತ್ರ ಬೆರೆತ ನೀರು, ಕೆಸರಿನಿಂದ ಬರುತ್ತದೆ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು, ಕಾಮಾಲೆ ಜೊತೆಗೆ ಮೂತ್ರ ಇಳಿಯಬಹುದು. ಗದ್ದೆ, ಕೊಟ್ಟಿಗೆಯಲ್ಲಿ ಕೆಲಸ ಮಾಡುವವರು ಅದನ್ನು ವೈದ್ಯರಿಗೆ ಹೇಳಬೇಕು.
- ಮಕ್ಕಳಲ್ಲಿ: ಗಂಟಲು ನೋವು ಅಥವಾ ಚರ್ಮದ ಕಜ್ಜಿಯಾಗಿ ಒಂದರಿಂದ ಆರು ವಾರದ ನಂತರ ಬೆಳಿಗ್ಗೆ ಮುಖ ಊದಿಕೊಂಡು, ಮೂತ್ರ ಕಡಿಮೆಯಾಗಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಮೂತ್ರಪಿಂಡದ ಉರಿಯೂತ ಇರಬಹುದು. ಹೆಚ್ಚಿನ ಮಕ್ಕಳು ಪೂರ್ತಿ ಗುಣವಾಗುತ್ತಾರೆ, ಆದರೆ ಬಿ.ಪಿ. ಏರುವುದರಿಂದ ತೋರಿಸಲೇಬೇಕು.
- ಗರ್ಭಿಣಿ, ಬಾಣಂತಿಯರಲ್ಲಿ: ಬಿ.ಪಿ. ಏರಿ ಊತ, ತಲೆನೋವು, ಕಣ್ಣು ಮಂಜಾಗುವುದರ ಜೊತೆ ಮೂತ್ರ ಇಳಿದರೆ, ಅಥವಾ ಹೆರಿಗೆಯ ನಂತರ ರಕ್ತಸ್ರಾವ ಹೆಚ್ಚಾದರೆ, ಒಂದು ಗಂಟೆಯೂ ಕಾಯಬಾರದು.

3. ದಾರಿ ಕಟ್ಟಿಕೊಳ್ಳುವುದು

ಇಲ್ಲಿ ಮೂತ್ರ ತಯಾರಾಗುತ್ತಿರುತ್ತದೆ, ಹೊರಗೆ ಬರುವುದಿಲ್ಲ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದು ಮುಖ್ಯ ಕಾರಣ. ಕೆಳಹೊಟ್ಟೆ ಬಿಗಿದು ಉಬ್ಬಿರುತ್ತದೆ, ಒತ್ತಡವಿರುತ್ತದೆ, ಹನಿ ಹನಿಯಾಗಿ ಬರುತ್ತದೆ. ನೆಗಡಿ, ಕೆಮ್ಮಿನ ಕೆಲವು ಔಷಧಗಳು ಅಂಥವರಲ್ಲಿ ಒಮ್ಮೆಲೇ ಮೂತ್ರ ಕಟ್ಟುವಂತೆ ಮಾಡುತ್ತವೆ. ಎರಡೂ ಕಡೆ ಕಲ್ಲು, ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್, ಹಾಸಿಗೆ ಹಿಡಿದವರಲ್ಲಿ ಕ್ಯಾತಿಟರ್ ಟ್ಯೂಬು ಮಡಚಿಕೊಳ್ಳುವುದು ಅಥವಾ ಕಟ್ಟಿಕೊಳ್ಳುವುದು ಇತರ ಕಾರಣಗಳು. ಟ್ಯೂಬು ಹಾಕಿದವರ ಚೀಲ ಖಾಲಿ ಇದ್ದರೆ ಮೊದಲು ಟ್ಯೂಬು ಮಡಚಿದೆಯೇ ನೋಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಮೂತ್ರಕೋಶ ತುಂಬಿದೆಯೇ ಎಂದು ಹೊಟ್ಟೆ ಮುಟ್ಟಿ ಅಥವಾ ಸ್ಕ್ಯಾನ್ ಮಾಡಿ ನೋಡುತ್ತಾರೆ. ತುಂಬಿದ್ದರೆ ಕ್ಯಾತಿಟರ್ ಹಾಕಿದ ಕೂಡಲೇ ಆರಾಮ. ಹೀಗೆ ಬಿಡಿಸಿದ ಮೇಲೆ ಕೆಲವರಿಗೆ ಒಂದೆರಡು ದಿನ ವಿಪರೀತ ಮೂತ್ರ ಹೋಗುವುದರಿಂದ, ‘ಸರಿಯಾಯಿತಲ್ಲ’ ಎಂದು ತಕ್ಷಣ ಮನೆಗೆ ಕರೆತರಬಾರದು.

ರಕ್ತದಲ್ಲಿ ಕ್ರಿಯಾಟಿನಿನ್, ಯೂರಿಯಾ, ಸೋಡಿಯಂ, ಪೊಟ್ಯಾಸಿಯಂ ನೋಡುತ್ತಾರೆ. ವಯಸ್ಕರಲ್ಲಿ ಕ್ರಿಯಾಟಿನಿನ್ ಸಾಮಾನ್ಯವಾಗಿ ಸುಮಾರು 0.6ರಿಂದ 1.2, ಪೊಟ್ಯಾಸಿಯಂ 3.5ರಿಂದ 5 ಇರುತ್ತದೆ. ಕ್ರಿಯಾಟಿನಿನ್ ಏರಲು ಒಂದೆರಡು ದಿನ ಬೇಕಾಗಬಹುದು. ಆದ್ದರಿಂದ ಮೊದಲ ದಿನದ ವರದಿ ಸರಿಯಿದ್ದರೂ ಮೂತ್ರ ಬರುತ್ತಿಲ್ಲವೆಂದರೆ ಮರುದಿನ ಮತ್ತೆ ಪರೀಕ್ಷೆ ಬೇಕಾಗುತ್ತದೆ. ಮೂತ್ರಪರೀಕ್ಷೆ, ಇ.ಸಿ.ಜಿ., ಹೊಟ್ಟೆಯ ಸ್ಕ್ಯಾನ್ ಕೂಡ ಮಾಡಿಸುತ್ತಾರೆ.

ಚಿಕಿತ್ಸೆ ಕಾರಣಕ್ಕೆ ತಕ್ಕಂತೆ. ಮೈ ಒಣಗಿದ್ದರೆ ಡ್ರಿಪ್. ನಂಜಿದ್ದರೆ ಆಂಟಿಬಯಾಟಿಕ್. ಹಾನಿ ಮಾಡುವ ಮಾತ್ರೆಗಳನ್ನು ನಿಲ್ಲಿಸುತ್ತಾರೆ. ಹೃದಯದ ತೊಂದರೆಯಿಂದ ಮೈಯಲ್ಲಿ ನೀರು ತುಂಬಿದ್ದರೆ ಡ್ರಿಪ್ ಬದಲು ನೀರಿಳಿಸುವ ಫ್ರುಸೆಮೈಡ್ ಕೊಡುತ್ತಾರೆ. ಈ ಔಷಧ ನೀರನ್ನು ಇಳಿಸುತ್ತದೆಯೇ ಹೊರತು ಕೆಟ್ಟ ಮೂತ್ರಪಿಂಡವನ್ನು ಗುಣಪಡಿಸುವುದಿಲ್ಲ. ‘ಮೂತ್ರ ಬರುವ ಮಾತ್ರೆ ಕೊಡಿ’ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವುದು ತಪ್ಪು. ಮೈ ಒಣಗಿದವರಿಗೆ ಅದು ಇನ್ನಷ್ಟು ಕೇಡು.

ಪೊಟ್ಯಾಸಿಯಂ ಇಳಿಯದಿದ್ದರೆ, ಶ್ವಾಸಕೋಶದಲ್ಲಿ ನೀರು ತುಂಬಿದರೆ, ರಕ್ತದಲ್ಲಿ ಆಮ್ಲ ಹೆಚ್ಚಾದರೆ, ಕಶ್ಮಲದಿಂದ ಪ್ರಜ್ಞೆ ಮಂಕಾದರೆ ಡಯಾಲಿಸಿಸ್ ಬೇಕಾಗುತ್ತದೆ. ಈ ಹೆಸರು ಕೇಳಿದೊಡನೆ ‘ಒಮ್ಮೆ ಶುರು ಮಾಡಿದರೆ ಜೀವನಪರ್ಯಂತ’ ಎಂದು ಹೆದರಿ ರೋಗಿಯನ್ನು ಎಬ್ಬಿಸಿಕೊಂಡು ಹೋಗುವವರಿದ್ದಾರೆ. ಇದ್ದಕ್ಕಿದ್ದಂತೆ ಮೂತ್ರಪಿಂಡ ಕೆಟ್ಟವರಲ್ಲಿ ಡಯಾಲಿಸಿಸ್ ಬಹಳ ಸಲ ತಾತ್ಕಾಲಿಕ. ಮೂತ್ರಪಿಂಡ ಸುಧಾರಿಸುವವರೆಗೆ ಅದರ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಗುಣವಾದ ಮೇಲೆ ಮೂರು ತಿಂಗಳಿಗೆ ಮತ್ತೆ ಕ್ರಿಯಾಟಿನಿನ್, ಮೂತ್ರಪರೀಕ್ಷೆ ಮಾಡಿಸಬೇಕು.

ಎಳನೀರು, ಬಾರ್ಲಿ ನೀರಿನ ವಿಷಯ

ನಮ್ಮ ಹಿರಿಯರ ಪದ್ಧತಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಬಿಸಿಲಿಗೆ ದಣಿದವರಿಗೆ ಮಜ್ಜಿಗೆ, ಬಾರ್ಲಿ ನೀರು, ಎಳನೀರು ಒಳ್ಳೆಯದೇ. ಕುಡಿದು ಎರಡು ಮೂರು ಗಂಟೆಯಲ್ಲಿ ಮೂತ್ರ ತಿಳಿಯಾಗಿ ಬಂದರೆ ಚಿಂತೆಯಿಲ್ಲ. ಬರದಿದ್ದರೆ ಅದು ಉಷ್ಣವಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ನಿಂತಿರುವಾಗ ಅದು ಹೊರಗೆ ಹೋಗದೆ ರಕ್ತದಲ್ಲಿ ಸೇರಿ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಮೊದಲೇ ಮೂತ್ರಪಿಂಡದ ಕಾಯಿಲೆ ಇರುವವರು ಎಳನೀರು, ಧಾರೆಹುಳಿ ಹಣ್ಣಿನಿಂದ ದೂರವಿರಬೇಕು. ಹೃದಯದ ಕಾಯಿಲೆಯವರು, ಊತವಿರುವವರು ‘ನೀರು ಕುಡಿದರೆ ಮೂತ್ರ ಬರುತ್ತದೆ’ ಎಂದು ಚೊಂಬುಗಟ್ಟಲೆ ಕುಡಿಯಬಾರದು.

ಭೇದಿ ಶುರುವಾದಾಗ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕೊಡಿ. ಪುಡಿ ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಇಂಥದೇ ಸಕ್ಕರೆ-ಉಪ್ಪಿನ ನೀರಿನಿಂದ ಕಾಲರಾ ರೋಗಿಗಳ ಪ್ರಾಣ ಉಳಿಸಿದರು.

ಮೊದಲು ಹತ್ತಿರದ ಆಸ್ಪತ್ರೆ, ಆಮೇಲೆ ಬೆಂಗಳೂರು

ನಮ್ಮ ಜನ ಏನಾದರೂ ಆದರೆ ಅತ್ತಿಬೆಲೆ ದಾಟುವ ಯೋಚನೆಯನ್ನೇ ಮೊದಲು ಮಾಡುತ್ತಾರೆ. ಅಲ್ಲಿ ಮಾತು ಕನ್ನಡ, ನೆಂಟರಿದ್ದಾರೆ, ದೊಡ್ಡ ಆಸ್ಪತ್ರೆಗಳಿವೆ, ಎಲ್ಲ ನಿಜ. ಆದರೆ ಕ್ಯಾತಿಟರ್, ಡ್ರಿಪ್, ಇ.ಸಿ.ಜಿ., ಪೊಟ್ಯಾಸಿಯಂ ಇಳಿಸುವ ಇಂಜೆಕ್ಷನ್ ಇವಕ್ಕೆ ಬೆಂಗಳೂರು ಬೇಕಿಲ್ಲ. ಹೊಸೂರು, ಡೆಂಕಣಿಕೋಟೆಯಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಕೃಷ್ಣಗಿರಿಯಲ್ಲಿ 2022ರ ಜನವರಿಯಲ್ಲಿ ಉದ್ಘಾಟನೆಯಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತ. ಮೊದಲು ಅಲ್ಲಿ ಸ್ಥಿತಿ ಹತೋಟಿಗೆ ಬರಲಿ, ಅಗತ್ಯವಿದ್ದರೆ ಅವರೇ ಚೀಟಿ ಬರೆದು ಮುಂದಕ್ಕೆ ಕಳಿಸುತ್ತಾರೆ. ಬೆಂಗಳೂರಿಗೆ ಹೋಗುವವರು ತಮಿಳುನಾಡಿನ ವಿಮಾ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಬಿ.ಪಿ., ಸಕ್ಕರೆ ಕಾಯಿಲೆಯವರಿಗೆ ಮನೆ ಬಾಗಿಲಲ್ಲೇ ಪರೀಕ್ಷೆ, ಮಾತ್ರೆ ಒದಗಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಮನೆಯಲ್ಲೇ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಅದರ ಚೀಲಗಳನ್ನು ತಲುಪಿಸುವುದೂ ಇದರಲ್ಲಿ ಸೇರಿದೆ. ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯರ ಬಳಿ ‘ಭೇದಿಯಾದ ದಿನ ಈ ಮಾತ್ರೆ ನಿಲ್ಲಿಸಬೇಕೇ?’ ಎಂದು ವೈದ್ಯರನ್ನು ಕೇಳಿ ತಿಳಿಸಲು ಹೇಳಿ. ನೀವಾಗಿ ನಿಲ್ಲಿಸಬೇಡಿ, ಆರೋಗ್ಯವಾಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಭಾಷೆಯ ತೊಡಕಿಗೆ ಒಂದು ಪಟ್ಟಿ

ನಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳು ತಮಿಳಿನಲ್ಲಿ ಸಂತೆ ಮಾಡುತ್ತಾರೆ, ಆದರೆ ದೇಹದ ತೊಂದರೆ ಹೇಳುವಾಗ ತಡವರಿಸುತ್ತಾರೆ. ನಾವು ‘ನೀರು ಕಟ್ಟಿದೆ’ ಎಂದರೆ ಮೂತ್ರ ಬರುತ್ತಿಲ್ಲವೆಂದು. ತಮಿಳಿನಲ್ಲಿ ‘ನೀರ್ಕಟ್ಟಿ’ ಎಂದರೆ ಮೈಯೊಳಗಿನ ನೀರುಗಂಟು. ಕೇಳಿದವರು ಬೇರೆಯೇ ಅರ್ಥ ಮಾಡಿಕೊಂಡಾರು. ಈ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ:

- ಮೂತ್ರ: ಸಿರುನೀರ್ (ಆಡುಮಾತಿನಲ್ಲಿ ಒಣ್ಣುಕ್ಕು, ನಮ್ಮ ‘ಒಂದಕ್ಕೆ’ ಇದ್ದಂತೆಯೇ)
- ಮೂತ್ರ ಸರಿಯಾಗಿ ಹೋಗುತ್ತಿಲ್ಲ: ಸಿರುನೀರ್ ಸರಿಯಾ ಪೋಗಲೆ
- ನಿನ್ನೆಯಿಂದ: ನೇತ್ತಿಲಿರುಂದು
- ಮೂತ್ರಪಿಂಡ: ಸಿರುನೀರಗಂ
- ಉರಿಮೂತ್ರ: ನೀರ್ಕಡುಪ್ಪು
- ಊತ: ವೀಕ್ಕಂ
- ಭೇದಿ: ವಯಿತ್ತುಪ್ಪೋಕ್ಕು
- ವಾಂತಿ: ವಾಂದಿ
- ಉಸಿರಾಟದ ತೊಂದರೆ: ಮೂಚ್ಚುತ್ತಿಣರಲ್
- ಹಾವು ಕಡಿತ: ಪಾಂಬುಕಡಿ
- ಮಾತ್ರೆ: ಮಾತ್ತಿರೈ

ಕೊನೆಯದಾಗಿ, ಕಾಯದೆ ಹೊರಡಬೇಕಾದ ಸಂದರ್ಭಗಳು

1. ಅರ್ಧ ದಿನ ಮೂತ್ರವೇ ಬರದಿದ್ದರೆ, ಅಥವಾ ನೀರು ಕುಡಿದರೂ ದಿನವೆಲ್ಲ ತೀರಾ ಕಡಿಮೆ ಬಂದರೆ.
2. ಕೆಳಹೊಟ್ಟೆ ಉಬ್ಬಿ ನೋವಿದ್ದು ಮೂತ್ರ ಹೊರಬರದಿದ್ದರೆ.
3. ಮೂತ್ರ ಕಡಿಮೆಯಾಗಿ ಮುಖ, ಕಾಲು ಊದಿದರೆ, ಉಸಿರು ಕಟ್ಟಿದರೆ, ಎದೆ ಬಡಿತ ಏರುಪೇರಾದರೆ.
4. ಮಂಪರು, ತೊದಲು, ನಿಲ್ಲದ ವಾಂತಿ ಇದ್ದರೆ.
5. ಮೂತ್ರ ಕೆಂಪು ಅಥವಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ.
6. ಹಾವು ಕಚ್ಚಿದ್ದರೆ, ಮೂತ್ರ ಸರಿಯಿದ್ದರೂ ಸರಿ.

ಹೊರಡುವಾಗ ಮೂರು ವಸ್ತು ಮರೆಯಬೇಡಿ: ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳು (ನೋವಿನ ಮಾತ್ರೆಯೂ ಸೇರಿ), ಹಳೆಯ ರಕ್ತಪರೀಕ್ಷೆಯ ವರದಿ, ಕುಡಿದದ್ದು ಮತ್ತು ಹೋದದ್ದು ಬರೆದ ಚೀಟಿ. ‘ಕೊನೆಯದಾಗಿ ಎಷ್ಟು ಗಂಟೆಗೆ ಹೋದರು?’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿ.

ತಮಿಳು ಪದಗಳ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಸಂಘದ ಮಾಸಿಕ ಸಭೆಯಲ್ಲಿ ಇಡುತ್ತೇವೆ. ಬಂದವರು ತಮ್ಮ ಬೀದಿಯ ಹಿರಿಯರಿಗೂ ಒಂದೊಂದು ಪ್ರತಿ ಒಯ್ಯಬೇಕಾಗಿ ಕೋರಿಕೆ. ಮನೆಯಲ್ಲಿ ಯಾರಾದರೂ “ಇವರು ಬೆಳಿಗ್ಗೆಯಿಂದ ಒಂದಕ್ಕೆ ಹೋಗಿಲ್ಲ” ಎಂದರೆ, ದಯವಿಟ್ಟು ಆ ಮಾತನ್ನು ಅಂದೇ ಕೇಳಿಸಿಕೊಳ್ಳಿ.

ಇಂತಿ,
ಕಾರ್ಯದರ್ಶಿ, ಸಂಘದ ಪರವಾಗಿ